ನಿಮಿಷಕ್ಕೆ ಹನ್ನೆರಡು

ಮತೊಸಿನ್ಯೋಸ್ ಬಂದರಿನ ಹಿಂಬೀದಿ, ಮೂರನೇ ಮಹಡಿ.
ಊಟದ ಮೇಜಿನ ಮೇಲೆ ಊಟವಿಲ್ಲ:
ಮೀನಿನ ಡಬ್ಬಿಗೆ ಸುತ್ತುವ ಕಾಗದ,
ಹಳದಿ, ಕೆಂಪು, ಕಿರೀಟ ತೊಟ್ಟ ಬೂತಾಯಿ,
ಕೋಟಿನ ಗುಂಡಿ, ಟ್ರಾಮಿನ ಟಿಕೀಟು,
ಒಂದು ಬೋಗುಣಿ ಮೈದಾ ಅಂಟು.
ನಾವು ತೊಡೆಯ ಮೇಲೆ ತಟ್ಟೆಯಿಟ್ಟು ಉಣ್ಣುತ್ತೇವೆ.

ಚಿಕ್ಕಮ್ಮ ದಿಯೊಲಿಂಡಾ ಕತ್ತರಿ ಮುಟ್ಟುವುದಿಲ್ಲ,
ಹರಿಯುತ್ತಾಳೆ.
'ಕತ್ತರಿಸಿದ್ದಕ್ಕೆ ಅಂಚು ಕಣೇ,
ಹರಿದದ್ದಕ್ಕೆ ದಡ.'
ಹೌದು, ಹರಿದಲ್ಲೆಲ್ಲ ಬಿಳಿ ನೊರೆಯ ಒಂದು ಗೆರೆ.

ಮೂವತ್ತೊಂದು ವರ್ಷ
ಇದೇ ಕಾಗದವನ್ನು ಡಬ್ಬಿಗೆ ಸುತ್ತಿದವಳು.
ತಲೆಗೊಂದು ಮಡಿಕೆ, ಬಾಲಕ್ಕೊಂದು ಮಡಿಕೆ,
ಹೊಟ್ಟೆಗೆ ಒಂದು ಚುಕ್ಕೆ ಗೋಂದು.
ಬೆನ್ನ ಹಿಂದೆ ಮೇಸ್ತ್ರಿ ಅದೆರಿತು,
ಅವನ ಮುಷ್ಟಿಯಲ್ಲಿ ಸ್ಟಾಪ್‌ವಾಚು.
ನಿಮಿಷಕ್ಕೆ ಹನ್ನೆರಡು.
ಹನ್ನೊಂದಾದರೆ ಹೆಸರು ಕರಿಹಲಗೆಗೆ.
ಹೆರಿಗೆಯ ಹಿಂದಿನ ದಿನವೂ ಹನ್ನೆರಡು.
ತಾಯಿಯನ್ನು ಮಣ್ಣು ಮಾಡಿ ಬಂದ ಮರುದಿನ ಹತ್ತು.
ಆ ಹತ್ತನ್ನು ಅವಳು ಮರೆತಿಲ್ಲ.
ಅವನೂ ಬರೆದುಕೊಂಡಿದ್ದ.

ಭಾನುವಾರದ ಗುಜರಿ ಸಂತೆಯಲ್ಲಿ ಸಿಕ್ಕಿತು,
ಅದೇ ಗಡಿಯಾರವಲ್ಲ, ಅದರ ತಮ್ಮನಿರಬೇಕು.
ಐದು ಯೂರೋ ಅಂದವನ ಜೊತೆ ಜಗಳವಾಡಿ
ಮೂರಕ್ಕೆ ತಂದಳು,
ಬಸ್ಸಿನಲ್ಲಿ ಉದ್ದಕ್ಕೂ ಕಿವಿಗೆ ಹಿಡಿದುಕೊಂಡು.

ಚಳಿಗಾಲವಿಡೀ ಹಲಗೆಯ ಮೇಲೆ ಒಂದು ಸಾಲು ಎದ್ದಿತು:
ಬ್ರೆಡ್ಡಿನ ಚೀಲದ ಏಪ್ರನ್ನು,
ಬಲೆಯ ನೂಲಿನ ತುರುಬು.
ಮುಖಗಳಿಲ್ಲ, ಕೈಗಳಿವೆ;
ಎಲ್ಲ ಕೈಯೂ ಒಂದೇ ಎಕ್ಸ್‌ರೇಯಿಂದ ಹರಿದದ್ದು,
ಅವಳದೇ ಮಣಿಕಟ್ಟು, ಸವೆದ ಗೆಣ್ಣು,
ದೀಪದೆದುರು ಹಿಡಿದರೆ ನೀಲಿ.
ಕಿಟಕಿಗಳಿಗೆ ಹಸಿ ಅಂಟಿನ ಮೇಲೆ ಕಲ್ಲುಪ್ಪು ಎರಚಿದಳು.
'ಉದುರುತ್ತದೆ' ಅಂದೆ.
'ಉದುರಲಿ, ಸಮುದ್ರ ಏನು ಕಡಿಮೆಯಾಗುವುದಿಲ್ಲ.'

ಗಡಿಯಾರವನ್ನು ಕಾಗದದ ಏಳು ಪದರದಡಿ ಹೂತಳು.
ಕಿರುಕಿಂಡಿಯಲ್ಲಿ ಮುಳ್ಳು ಕಾಣುತ್ತದೆ,
ಕೀಲಿ ಮಾತ್ರ ಮೊಳಕೆಯಂತೆ ಹೊರಗೆ.
ದಿನಾ ಬೆಳಿಗ್ಗೆ, ಬೆಕ್ಕಿಗೆ ಹಾಲಿಟ್ಟ ಮೇಲೆ,
ಅದಕ್ಕೆ ಕೀ ಕೊಡುತ್ತಾಳೆ.

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಗೋಡೆಗೆ ಒರಗಿಸಿಟ್ಟೆವು.
ಜನ ನೋಡಿದರು, ಆಮೇಲೆ ಸುತ್ತ ನೋಡಿದರು,
ಇಲಿ ಕಡಿಯುತ್ತಿದೆಯೋ, ನಲ್ಲಿ ಸೋರುತ್ತಿದೆಯೋ ಎಂದು.
ಬಾಗಿಲಲ್ಲಿ ಊರುಗೋಲಿನ ಸದ್ದು.
ಮಗಳ ತೋಳು ಹಿಡಿದು ಅದೆರಿತು,
ಅಂಗಿಯ ಕೊರಳೊಳಗೆ ಕತ್ತು ಎಷ್ಟು ಸಣ್ಣದಾಗಿದೆ.

ಅವನು ಸುತ್ತ ನೋಡಲಿಲ್ಲ. ಶಬ್ದ ಗೊತ್ತಿತ್ತು.
'ಇಪ್ಪತ್ತೆರಡು ಜನ ಇದ್ದಿರಿ' ಅಂದ.
'ಇಪ್ಪತ್ತಮೂರು' ಅಂದಳು ಚಿಕ್ಕಮ್ಮ.
ಬಗ್ಗಿ ಹುಡುಕಿದ.
ಸಾಲಿನ ಹಿಂದೆ ಒಬ್ಬ ನಿಂತಿದ್ದಾನೆ,
ಸುತ್ತುಕಾಗದದ ಬೆನ್ನಿನಿಂದ ಮಾಡಿದವನು,
ಕಿರೀಟವಿಲ್ಲ, ಮೀನಿಲ್ಲ,
ಬಣ್ಣ ತಾಗದ ಬರೀ ಬಿಳಿ.

ಅವನ ಹೆಬ್ಬೆರಳು ತನ್ನಷ್ಟಕ್ಕೆ ಮೇಲೆದ್ದಿತು,
ಜಾಗ ತಪ್ಪದೆ ಕೀಲಿಯನ್ನು ಒತ್ತಿತು.
ಸಭಾಂಗಣ ತಟಕ್ಕನೆ ದೊಡ್ಡದಾಯಿತು.
ಮುಳ್ಳು ನಿಂತದ್ದು ನಲವತ್ತರಲ್ಲಿ.
ಎಂಟು ಡಬ್ಬಿ, ಎಂದು ಲೆಕ್ಕ ಹಾಕಿತು ನನ್ನ ಮನಸ್ಸು,
ಆ ಕಾರ್ಖಾನೆಯ ಮೆಟ್ಟಿಲನ್ನೂ ಹತ್ತದ ನನ್ನ ಮನಸ್ಸು.
ಮುಖ ಬಿಸಿಯಾಯಿತು.

ಅವನು ಏನೋ ಹೇಳಲು ಬಾಯಿ ತೆರೆದ.
ಚಿಕ್ಕಮ್ಮ ನೋಡುತ್ತಿದ್ದದ್ದು ಚಿತ್ರದ ಕೆಳಮೂಲೆಯನ್ನು,
ಕಾಗದ ಅಲ್ಲಿ ಸುರುಳಿಯೇಳುತ್ತಿತ್ತು.
ಬೆರಳನ್ನು ಎಂಜಲಿಗೆ ಅದ್ದಿ ತಿಕ್ಕಿದಳು,
ಅವನ ಕೈ ಹಿಡಿದೆಳೆದು ಅದರ ಮೇಲಿಟ್ಟಳು.
'ಬಂದದ್ದೇನೋ ಬಂದೆ. ಇಲ್ಲಿ ಒತ್ತಿ ಹಿಡಿ.'

ಊರುಗೋಲು ಮಗಳ ಕೈಗೆ ಹೋಯಿತು.
ಅವನು ಕಷ್ಟಪಟ್ಟು ಮಂಡಿಯೂರಿದ.
'ಎಷ್ಟು ಹೊತ್ತು?' ಅಂದ.

ಅವಳು ಆಗಲೇ ಕಾಫಿಯ ಕಡೆ ನಡೆದಿದ್ದಳು.